ಕೋಟೆ ಇದ್ದಿರಬಹುದಾದ ದಿಬ್ಬ

ಬೇಸಿಗೆ ಬಂತೆಂದರೆ ಪುರಾತತ್ವ ಕಲಿಸುವ ಐವರ್ ಬರುತ್ತಾನೆ, ಮೆರಿಯೆಲ್ಲಳ ಕುರಿಗಾವಲಿನ ದಿಬ್ಬವನ್ನು ಒಂದಿಷ್ಟು ಅಗೆಯುತ್ತಾನೆ, "ಕೋಟೆ ಇದ್ದಿರಬಹುದು, ಖಚಿತವಿಲ್ಲ" ಎಂದು ಹೇಳಿ ಕಾರು ಹತ್ತುತ್ತಾನೆ. ವೇಲ್ಸ್ ಗಡಿಯ ಈ ಸೀಮೆಯಲ್ಲಿ ನೆಲ ಕೊಂಚ ಉಬ್ಬಿದರೆ ಸಾಕು, ಅದರ ಮೇಲೊಂದು ಹಳೇ ದೊರೆಯ ಮರದ ಕೋಟೆ ನಿಲ್ಲಿಸುವ ಜನರಿದ್ದಾರೆ. ಅವನು ಹಾಗಲ್ಲ. ಅನುಮಾನ ಪಡುವುದೇ ಅವನ ಕಸುಬು.

ಈ ಸಲ ಕುರಿಗಳು ಮರಿ ಹಾಕುವ ಕಾಲ ಅವಳನ್ನು ಹಿಂಡಿಹಾಕಿತ್ತು. ಹಳೆಯ ಕೊಟ್ಟಿಗೆ ಸೋರುತ್ತಿತ್ತು. ಹೊಸದು ಕಟ್ಟಲು ಒಣನೆಲ ಅಂತಿದ್ದುದು ಆ ದಿಬ್ಬವೊಂದೇ. ಐವರ್ ಪುರಾತತ್ವ ಇಲಾಖೆಗೆ ತೀರ್ಮಾನ ಬರೆದು ತಿಳಿಸುವ ತನಕ ಅದನ್ನು ಮುಟ್ಟುವಂತಿಲ್ಲ.

ಅವನು ಗುಂಡಿಯೊಳಗೆ ಮಂಡಿಯೂರಿದ್ದ. ಅವಳು ಚಹಾದ ಫ್ಲಾಸ್ಕ್ ಹಿಡಿದು ಅಂಚಿನಲ್ಲಿ ಕೂತಳು.

"ಏನಂತಾನೆ ನಿಮ್ಮ ದೊರೆ, ಮೇಷ್ಟ್ರೇ?"

"ಇನ್ನೂ ಬಾಯಿ ಬಿಟ್ಟಿಲ್ಲ."

"ನಿಮ್ಮ ಹಾಗೇ."

ಅವನು ತಲೆಯೆತ್ತಿದ. ನೋಟ ಅವಳ ಕೆನ್ನೆಗಂಟಿದ ಹುಲ್ಲಿನೆಸಳಿನ ಮೇಲೆ ನಿಂತಿತು. ತೆಗೆಯಲೆಂದು ಕೈ ಮೇಲೇರಿತು, ಮಣ್ಣಾಗಿದೆಯೆಂದು ನೆನಪಾಗಿ ಹಿಂದಕ್ಕೆ ಹೋಯಿತು. ಪ್ರತಿವರ್ಷ ಇಷ್ಟೇ. ಬೇಸರಪಡಲೂ ಅವಳಿಗೆ ಬೇಸರವಾಗಿತ್ತು.

"ನನ್ನ ವಿಷಯದಲ್ಲೂ ನಿಮ್ದು ಖಚಿತವಿಲ್ಲ ಅಂತಲೇನಾ?"

ಐವರ್ ಜೇಬಿನಿಂದ ಪಿಂಗಾಣಿಯ ಚೂರೊಂದನ್ನು ತೆಗೆದು ಅವಳ ಅಂಗೈಗಿಟ್ಟ. ನೀಲಿ ಹೂವಿನ ತಟ್ಟೆಯದು. ಅವಳ ಅಜ್ಜಿಯ ಕಪಾಟಿನಲ್ಲಿ ಅಂಥವೇ ಇದ್ದವು.

"ದಿಬ್ಬದ ತಳದಲ್ಲಿತ್ತು. ಇದರ ಮೇಲೆ ಮಣ್ಣು ಬಿದ್ದಿದೆ ಅಂದ್ರೆ ದಿಬ್ಬ ಇದಕ್ಕಿಂತ ಹಳೇದಲ್ಲ. ನಿಮ್ಮ ಮುತ್ತಜ್ಜನೋ ಯಾರೋ ಹೊಂಡ ತೋಡಿ ಮಣ್ಣು ಸುರಿದಿದಾರೆ, ಅಷ್ಟೇ."

"ಯಾವಾಗ ಸಿಕ್ತು?"

"ಹೋದ ವರ್ಷ."

"ಹೋದ ವರ್ಷ! ಈ ಮಾರ್ಚಲ್ಲಿ ಸೋರೋ ಸೂರಡಿ ನಿಂತು ಮರಿ ಹಾಕಿಸಿದೀನ್ರೀ ನಾನು!"

"ಗೊತ್ತು, ತಪ್ಪಾಯ್ತು. ಕೋಟೆ ಇಲ್ಲ ಅಂದುಬಿಟ್ರೆ ಇಲ್ಲಿಗೆ ಬರೋಕೆ ನೆಪ ಇರ್ತಿರಲಿಲ್ಲ. ಯಾವ ದಿಬ್ಬದ ಬಗ್ಗೇನೂ ಸುಳ್ಳು ಹೇಳಿದೋನಲ್ಲ ನಾನು. ಇದೊಂದೇ."

ಅವಳಿಗೆ ಸಿಟ್ಟು ಬಂದಿತ್ತು. ಅದನ್ನು ಎತ್ತಿ ಅವನ ಮೇಲೆ ಎಸೆಯುವಷ್ಟು ತ್ರಾಣ ಮಾತ್ರ ಇರಲಿಲ್ಲ.

"ಕೋಟೆ ಅಲ್ಲ ಅಂತ ಇವತ್ತೇ ಬರೆದು ಕಳಿಸಿ."

"ಕಳಿಸ್ತೀನಿ."

"ಮುಂದಿನ ಬೇಸಿಗೆಗೆ ಬರಬೇಡಿ."

ಅವನ ಮುಖ ಬಿಳಿಚಿತು. "ಸರಿ" ಎಂದು ಸಾಮಾನು ಜೋಡಿಸತೊಡಗಿದ.

"ಎಲ್ಲಿಗೆ ಹೊರಟ್ರಿ? ಬರಬೇಡಿ ಅಂದೆ, ಹೋಗಿ ಅಂದ್ನಾ?" ಅವಳ ದನಿ ಸೋತಿತ್ತು. "ವರ್ಷವಿಡೀ ದಾರಿ ಕಾದು ಸಾಕಾಗಿದೆ, ಐವರ್. ಇಲ್ಲೇ ಇದ್ದುಬಿಡು."

ಅವನು ಗುಂಡಿಯಿಂದ ಕೈ ಚಾಚಿದ. ಅವಳು ಹಿಡಿದೆಳೆದಳು. ಇಬ್ಬರೂ ದಣಿದಿದ್ದರಿಂದ ಅವನು ಮೇಲೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.