ಹಿಟ್ಟಿನ ಹುಳದ ಪಟ್ಟೆಗಳು

ಅಂದಾನಿ ಮಾಡಿದ್ದು ಒಳ್ಳೆಯದಕ್ಕೇ. ವೃಂದಾ ಬಿಟ್ಟುಹೋದ ಬಾಟಲಿಯ ಮೈದಾದಲ್ಲಿ ಕೆಂಪು ಹುಳಗಳು ಹರಿದಾಡುತ್ತಿದ್ದವು. ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಅಜ್ಜನ ಕಾಲದಿಂದ ಹಿಟ್ಟಿನ ಗಿರಣಿ ನಡೆಸುವವನು ಅದನ್ನು ನೋಡಿ ಸುಮ್ಮನಿರುತ್ತಾನೆಯೇ? ಜರಡಿ ಹಿಡಿದ, ತಾರಸಿಯ ಬಿಸಿಲಿಗೆ ಹರವಿದ, ಒಣ ಬೇವಿನೆಲೆ ಹಾಕಿ ಮುಚ್ಚಳ ಬಿಗಿದ.

ಅವಳು ಹೇಳಿದ್ದು ಇಷ್ಟೇ: "ಲ್ಯಾಬಲ್ಲಿ ಕರೆಂಟ್ ರಿಪೇರಿ. ನಿಮ್ಮ ಗಿರಣಿ ಬೆಚ್ಚಗಿದೆ, ಎರಡು ದಿವಸ ಇಟ್ಕೊಳ್ಳಿ." ಪ್ರತಿ ಶನಿವಾರ ಮೈದಾ ಕೊಳ್ಳುವ ಈ ಹುಡುಗಿ ಏನೋ ಪಿಎಚ್‌ಡಿ ಮಾಡುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು. ಏನೆಂದು ಕೇಳಲು, ಅವಳ ಕಣ್ಣು ನೋಡುತ್ತ ನಿಂತವನಿಗೆ ಪುರಸೊತ್ತೆಲ್ಲಿ?

ಮೂರನೆಯ ದಿನ ಅವಳು ಮುಚ್ಚಳ ತೆಗೆದಳು.

"ಹುಳ ಎಲ್ಲಿ?"

"ಒಂದೂ ಇಲ್ಲ ನೋಡ್ರಿ," ಎಂದ ಹೆಮ್ಮೆಯಿಂದ.

"ಅಂದಾನಿ, ನಾನು ಸಾಕ್ತಿದ್ದಿದ್ದೇ ಹುಳ."

ಬೈಯಲಿಲ್ಲ. ಹುಳವಿಲ್ಲದ ಬಾಟಲಿ ಎತ್ತಿಕೊಂಡು ಹೋದಳು. ಎರಡು ಶನಿವಾರ ಇತ್ತ ತಲೆ ಹಾಕಲಿಲ್ಲ. ಅವನಿಗೆ ಊಟ ರುಚಿಸಲಿಲ್ಲ.

ಅಷ್ಟರಲ್ಲಿ ಗದಗಿನಿಂದ ತಾಯಿ ಗಿರಿಜಾದೇವಿಯ ಫೋನು: ಭಾನುವಾರ ಹೆಣ್ಣು ನೋಡಲು ಬಾ. ವೃಂದಾಳ ಮನಸ್ಸು ತಿಳಿಯದೆ ಹೂಂ ಅನ್ನುವುದು ಹೇಗೆ, ಉಹೂಂ ಅನ್ನುವುದು ಹೇಗೆ? ಕೊನೆಗೆ ಯಾವ ಗಿರಣಿಯವನೂ ಮಾಡದ ಕೆಲಸ ಮಾಡಿದ. ಟಾರ್ಚ್ ಹಿಡಿದು ಯಂತ್ರದಡಿ ನುಸುಳಿ, ಸಂದುಗೊಂದಿನಿಂದ ಹುಳಗಳನ್ನು ಜೀವಂತ ಹಿಡಿದು, ಶುಕ್ರವಾರ ಅವಳ ಲ್ಯಾಬಿಗೆ ಹೋದ.

"ನಿಮ್ಮ ಗಿರಣೀಲಿ ಹುಳಾನಾ?" ಅವಳ ಹುಬ್ಬು ಮೇಲೇರಿತು.

"ಯಾರಿಗೂ ಹೇಳಬ್ಯಾಡ್ರಿ."

ಅವಳು ನಗು ತಡೆದುಕೊಂಡಳು. "ನನ್ನ ಹುಳದ ವಂಶಾನೇ ಬೇರೆ. ಇದನ್ನ ಹೋಲಿಸಿ ನೋಡಬೋದು ಅಷ್ಟೆ. ಬನ್ನಿ, ನೀವು ಏನನ್ನ ಜರಡಿ ಹಿಡಿದ್ರೋ ನೋಡಿ."

ಮೈಕ್ರೋಸ್ಕೋಪಿನಲ್ಲಿ ಹಳೆಯ ಸ್ಲೈಡಿನಲ್ಲಿದ್ದ ಹುಳದ ಮೊಟ್ಟೆ ಕಂಡಿತು. ಒಳಗಿನ ಭ್ರೂಣದ ಮೈತುಂಬ ಬಣ್ಣದ ಅಡ್ಡಪಟ್ಟೆಗಳು. ಅವಳ ಕೂದಲು ಅವನ ಭುಜಕ್ಕೆ ತಾಗುತ್ತಿತ್ತು, ಪಟ್ಟೆ ನೋಡುವುದು ಕಷ್ಟವಾಯಿತು.

"ಈ ಪಟ್ಟೆಗಳಿಂದಲೇ ಮೈ ಭಾಗಭಾಗ ಆಗೋದು. ಹಣ್ಣಿನ ನೊಣಕ್ಕಾದ್ರೆ ಪಟ್ಟೆ ಎಲ್ಲಾ ಹೆಚ್ಚುಕಮ್ಮಿ ಒಟ್ಟಿಗೇ ಬಂದ್ಬಿಡತ್ತೆ. ಇದಕ್ಕೆ ಹಾಗಲ್ಲ. ಮೊದಲು ತಲೆ ಕಡೇದು. ಆಮೇಲೆ ಹಿಂಭಾಗ ಬೆಳೀತಾ ಬೆಳೀತಾ ಒಂದೊಂದೇ."

"ಅವಸರ ಮಾಡಿದ್ರ?"

"ಬಿಸಿ ಸ್ವಲ್ಪ ಏರಿಸಿದ್ರೆ ಬೇಗ ಬರತ್ತೆ. ಆದ್ರೂ ಒಂದಾದ ಮೇಲೇ ಇನ್ನೊಂದು."

ಅವನು ಕಣ್ಣೆತ್ತಿದ. "ನಾಳಿದ್ದು ಹೆಣ್ಣು ನೋಡಾಕ ಅವ್ವ ಕರದಾಳ್ರಿ. ನನಗ ನೀವಂದ್ರ ಜೀವ. ಹೋಗ್ಲೋ ಬ್ಯಾಡೋ, ನೀವ ಹೇಳ್ರಿ."

ಅವಳು ಸ್ಲೈಡನ್ನು ತೆಗೆದು ಡಬ್ಬಿಯಲ್ಲಿಟ್ಟಳು.

"ನಮ್ಮದು ಮಾಧ್ವರ ಮನೆ. ನಿಮ್ಮ ಕತ್ತಲ್ಲಿ ಲಿಂಗ. ಎಲ್ಲರಿಗೂ ಒಟ್ಟಿಗೇ ಹೇಳಿದ್ರೆ ಮನೆ ಹಾರಿಹೋಗತ್ತೆ. ಅದಕ್ಕೇ ಒಬ್ಬೊಬ್ಬರಿಗೇ ಹೇಳ್ತಿದೀನಿ."

"ಏನಂತ?"

"ಏನಂತಾನಾ? ಎರಡು ಶನಿವಾರ ಎಲ್ಲಿದ್ದೆ ಅಂದ್ಕೊಂಡ್ರಿ? ತಿರುವೊಟ್ಟಿಯೂರಲ್ಲಿ ಅಜ್ಜಿ ಹತ್ರ ಒಂದು, ಅಮ್ಮನ ಹತ್ರ ಒಂದು. ಅಜ್ಜಿ ಸರಿ ಅಂದ್ರು. ಅಮ್ಮ ಅತ್ತರು, ಆಮೇಲೆ ನಿಮ್ಮ ಫೋಟೋ ಕೇಳಿದ್ರು. ಅಪ್ಪ ಒಬ್ಬರು ಬಾಕಿ."

ಅವಳು ಸಿಟ್ಟಾಗಿದ್ದಾಳೆಂದು ತಾನು ಉಪವಾಸ ಬಿದ್ದ ದಿನಗಳಲ್ಲೇ ಅವಳು ಹೀಗೆ ಒಬ್ಬಳೇ ಹೋರಾಡುತ್ತಿದ್ದಳು. ಅಂದಾನಿಯ ಕಣ್ಣು ತುಂಬಿತು.

"ಅಪ್ಪಾರಿಗೆ ಹೇಳಾಕ ನಾನೂ ಬರ್ಲೇನು?"

"ಕಂಡಿಪ್ಪಾ, ಖಂಡಿತ ಬರಬೇಕು. ಅವರಿಗೆ ಒಬ್ಬಳೇ ಹೇಳಕ್ಕೆ ನಂಗೆ ಭಯ."

ಅವನು ಅಲ್ಲೇ ಫೋನು ತೆಗೆದ. "ಅವ್ವಾ, ಭಾನುವಾರ ನಾ ಬರಂಗಿಲ್ಲ. ನೀನ ರೈಲು ಹತ್ತಿ ಬಾ. ಹೆಣ್ಣು ಇಲ್ಲೇ ಅದಾಳ."