ನೇರ ಕತ್ತರಿಸಿದ ಚೂಡಿದಾರ

ಬಹಳ ಹಿಂದೆ, ಬಿಳಿಕೋಟೆಯೆಂಬ ರಾಜ್ಯವನ್ನು ಕರಾಳದತ್ತನೆಂಬ ಮಾಂತ್ರಿಕ ನುಂಗಿ ಕೂತಿದ್ದ. ರಾಜನನ್ನು ಗಿಳಿ ಮಾಡಿ ಪಂಜರಕ್ಕೆ ಹಾಕಿದ್ದ. ದಿನಾ ಸೂರ್ಯ ಮುಳುಗುವಾಗ ಅವನು ಪದ್ಮಾಸನ ಹಾಕಿ ಮಂತ್ರ ಜಪಿಸಬೇಕು. ಒಂದು ಸಂಜೆ ತಪ್ಪಿದರೂ ಮಾಯೆಯ ಜೊತೆ ಅವನೂ ಮಣ್ಣುಪಾಲು. ಇದು ಊರಿಗೆಲ್ಲ ಗೊತ್ತಿತ್ತು, ತಪ್ಪಿಸುವ ಗಂಡಸು ಮಾತ್ರ ಇರಲಿಲ್ಲ.

ಮಾಂತ್ರಿಕನಿಗೆ ದೇಶದೇಶದ ಇಜಾರಗಳ ಹುಚ್ಚು. ದರ್ಜಿ ಸಂಗಣ್ಣ ಹೊಲಿದದ್ದು ಸೊಂಟಕ್ಕೆ ಬಿಗಿಯಾಯಿತೆಂದು ಅವನನ್ನು ಟಗರು ಮಾಡಿ ಅಂಗಳದಲ್ಲಿ ಕಟ್ಟಿದ. ಹೋಳಿಗೆ ತಿಂದು ಹೊಟ್ಟೆ ಬೆಳೆಸಿದವನು ತಾನು, ತಪ್ಪು ದರ್ಜಿಯದು.

ಸಂಗಣ್ಣನ ಹೆಂಡತಿ ನಿಂಬೆವ್ವ ಇಪ್ಪತ್ತು ವರ್ಷ ಅವನ ಪಕ್ಕದಲ್ಲಿ ಕೂತು ಕೆಲಸ ಕಲಿತವಳು. ಗಂಡನ ಕತ್ತರಿ ಹಿಡಿದು ಅರಮನೆಗೆ ಹೋದಳು.

"ನನ್ನ ಗಂಡನ್ನ ಬಿಡ್ರಿ, ಧಣ್ಯಾರ. ನಿಮಗ ಬೇಕಾದ ಇಜಾರ ನಾ ಹೊಲದು ಕೊಡ್ತೀನಿ."

"ಮೂರು ಹೊಲಿ. ಒಂದು ಕೆಟ್ಟರೂ ನೀನೂ ಕುರಿ."

ಮೊದಲ ದಿನ ಮಂಜಿನ ಬಟ್ಟೆ ಕೊಟ್ಟು, ಗುಡ್ಡಗಾಡಿನ ಸವಾರರ ಸಲ್ವಾರ್ ಕೇಳಿದ. ಇಪ್ಪತ್ತು ಮೊಳ ಮಂಜನ್ನು ಸೊಂಟದಲ್ಲಿ ಸುಕ್ಕುಗಟ್ಟಿಸಿ ಹೊಲಿದಳು. ಎರಡನೆಯ ದಿನ ಹೊಳೆಯ ನೀರನ್ನೇ ಮಡಚಿ ಕೊಟ್ಟು, ಐದು ನದಿಗಳ ನಾಡಿನ ನೆರಿಗೆಯ ಸಲ್ವಾರ್ ಕೇಳಿದ. ಅದನ್ನೂ ಹೊಲಿದಳು. ಮೂರನೆಯ ದಿನ ಎಳೆದರೂ ಹರಿಯದ ಹೆಬ್ಬಾವಿನ ಪೊರೆ ಎಸೆದ. "ಚೂಡಿದಾರ. ಕಾಲಿಗಂಟಿರಬೇಕು, ಪಾದದ ಹರಡಿನ ಮೇಲೆ ಬಳೆಯಂತೆ ಸುತ್ತು ಬೀಳಬೇಕು."

"ಇದಾದ ಮ್ಯಾಲೆ ನನ್ನ ಗಂಡನ್ನ ಕೊಡ್ತೀರಲ್ಲರಿ?"

"ಕೊಡ್ತೀನಿ. ಟಗರಿನ ಸಾರು ಮಾಡಿಸಿ, ನಿನಗೂ ಒಂದು ಪಾಲು," ಎಂದು ನಕ್ಕ.

ನಿಂಬೆವ್ವ ಪೊರೆಯನ್ನು ನೆಲಕ್ಕೆ ಹಾಸಿ ಕತ್ತರಿ ಎತ್ತಿದಳು. ಚೂಡಿದಾರದ ಬಟ್ಟೆಯನ್ನು ಓರೆಯಾಗಿ ಕತ್ತರಿಸಬೇಕು, ಆಗಲೇ ಅದು ಹಿಗ್ಗಿ ಮೊಣಕಾಲು ಮಡಚಲು ಬಿಡುತ್ತದೆ. ಅವಳು ಬೇಕೆಂದೇ ನೇರ ಕತ್ತರಿಸಿದಳು.

ಕರಾಳದತ್ತ ಅದನ್ನು ತೊಟ್ಟು ಇಳಿಹೊತ್ತಿನವರೆಗೆ ಕನ್ನಡಿಯೆದುರು ನಿಂತ. ಜಪಕ್ಕೆ ಕೂರಲು ಹೋದರೆ ಕಾಲು ಮಡಚದು. ಬಿಚ್ಚಲು ಹೋದರೆ ಹಿಮ್ಮಡಿ ದಾಟದು. ಹರಿಯೋಣವೆಂದರೆ ಹೆಬ್ಬಾವಿನ ಪೊರೆ. ಶಪಿಸಲು ಕೈಯೆತ್ತುವಷ್ಟರಲ್ಲಿ ಸೂರ್ಯ ಮುಳುಗಿದ. ಮಾಂತ್ರಿಕ ಬೂದಿಯಾದ, ಚೂಡಿದಾರ ಮಾತ್ರ ಉಳಿಯಿತು. ಗಿಳಿ ರಾಜನಾಯಿತು, ಟಗರು ಸಂಗಣ್ಣನಾಯಿತು.

"ಮಾಂತ್ರಿಕನನ್ನು ಕೆಡವಿದ ಕತ್ತರಿ ಯಾರದು?" ಎಂದು ರಾಜ ಕೇಳಿದ.

"ಸಂಗಣ್ಣಂದು," ಎಂದರು ನೆರೆದ ಜನ. ಶಾಲು ಸಂಗಣ್ಣನ ಹೆಗಲೇರಿತು. ನಿಂಬೆವ್ವ ಗಂಡನ ಮುಖ ನೋಡುತ್ತ ನಿಂತಳು. ಟಗರಾಗಿದ್ದಾಗ ಬ್ಯಾ ಎಂದಾದರೂ ಅನ್ನುತ್ತಿದ್ದ ಬಾಯಿ ಈಗ ತೆರೆಯಲಿಲ್ಲ.

ಮನೆಗೆ ಬಂದ ಮೇಲೆ ಅವನು ಆ ಚೂಡಿದಾರವನ್ನು ಬೆರಳಲ್ಲಿ ಎಳೆದು ನೋಡಿದ. "ನೇರ ಕತ್ತರಿಸೀದಿ. ಮಂದಿ ನೋಡಿದ್ರ ನನ್ನ ಹೆಸರು ಏನಾಗಬೇಕು?"

"ನೀವು ಉಳದೀರಲ್ಲ."

"ಇನ್ನ ಮ್ಯಾಲೆ ಕತ್ತರಿ ಮುಟ್ಟಬ್ಯಾಡ."

ನಿಂಬೆವ್ವನಿಗೆ ಅಳು ಬರಲಿಲ್ಲ, ಹೇಸಿಗೆ ಬಂತು.

ಅಂದಿನಿಂದ ರಾಜ ಸುಖವಾಗಿದ್ದ, ಪ್ರಜೆಗಳು ಸುಖವಾಗಿದ್ದರು, ಆಸ್ಥಾನದ ದರ್ಜಿ ಸಂಗಣ್ಣನಂತೂ ಬಲು ಸುಖವಾಗಿದ್ದ. ಅವನು ಹೊಲಿದ ಇಜಾರಗಳಿಗೆ ನಿಂಬೆವ್ವ ಮೂಲೆಯಲ್ಲಿ ಕೂತು ಲಾಡಿ ಪೋಣಿಸುತ್ತಿದ್ದಳು.