ಗುಂಡಿಯ ಹಿಂದಿನ ಗಂಟು

ಆ ಗುಂಡಿ ಅವಳು ಹೊಲಿದದ್ದಲ್ಲ!

ಇಸ್ತ್ರಿಪೆಟ್ಟಿಗೆ ಹಿಡಿದ ಕೈ ಅಲ್ಲೇ ನಿಂತಿತು. ಗಂಡನ ಯೂನಿಫಾರ್ಮ್ ಅಂಗಿ, ಮೇಲಿನಿಂದ ಮೂರನೆಯ ಗುಂಡಿ. ಟೈಲರಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಮದುವೆಯಾಗಿ ಹನ್ನೊಂದು ವರ್ಷ. ಬಸ್ ಓಡಿಸುವ ಗಂಡನ ಅಂಗಿಗಳ ಗುಂಡಿಯನ್ನೆಲ್ಲ ಹೊಲಿದವಳು ಅವಳೇ. ಅವಳ ದಾರ ಯಾವಾಗಲೂ ಅಡ್ಡಡ್ಡ ದಾಟುತ್ತದೆ. ಇಲ್ಲಿ ಎರಡು ನೇರ ಸಾಲು. ಗುಂಡಿ ಕೂದಲೆಳೆಯಷ್ಟು ಸೊಟ್ಟ. ಹಿಂದೆ, ಎರಡು ಸುತ್ತು ಹಾಕಿ ಬಿಗಿದ ಚಪ್ಪಟೆ ಗಂಟು...

ಆ ಗಂಟನ್ನು ಅವಳು ಬಲ್ಲಳು.

ಹೋದ ವರ್ಷ ಚರ್ಚಿನ ಗಾಯನ ಮಂಡಳಿಗೆ ನಿಲುವಂಗಿ ಹೊಲಿಯುವಾಗ, ಮಂಡಳಿಯಲ್ಲಿ ಹಾಡುವ ನರ್ಸ್ ಸಹಾಯಕ್ಕೆ ಬಂದಿದ್ದಳು. ಮದುವೆಯಾಗದ ಹುಡುಗಿ, ನಕ್ಕರೆ ಕೆನ್ನೆಯಲ್ಲಿ ಗುಳಿ. "ಗಾಯಕ್ಕೆ ಹೊಲಿಗೆ ಹಾಕುವಾಗ ಬಿಗಿಯೋ ಗಂಟು ಅಕ್ಕ, ಜಪ್ಪಯ್ಯ ಅಂದ್ರೂ ಜಾರಲ್ಲ" ಎಂದಿದ್ದಳು.

'ಅಂಗಿ ಮೈಮೇಲಿರುವಾಗಲೇ ಹೊಲಿದಳಾ? ಇಲ್ಲ ಇವರು ಬಿಚ್ಚಿ ಕೊಟ್ಟರಾ? ದೇವರೇ, ಎರಡರಲ್ಲಿ ಯಾವುದು ವಾಸಿ!'

ಸಂಜೆ ಡ್ರೈವರ್ ಮನೆಗೆ ಬಂದ.

"ರೀ, ನಿಮ್ಮ ಅಂಗಿ ಗುಂಡಿ ಕಿತ್ತುಹೋಗಿತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಅವನು ತೊಟ್ಟಿದ್ದು ಬೇರೆ ಅಂಗಿ. ಆದರೂ ಕೈ ನೇರವಾಗಿ ಮೂರನೆಯ ಗುಂಡಿಗೇ ಹೋಯಿತು.

"ಹ್ಞೂಂ... ಡಿಪೋದಲ್ಲಿ ಯಾರೋ ಹಾಕ್ಕೊಟ್ರು."

"ಯಾರೋ ಅಂದ್ರೆ?"

"ಯಾರೋ ಕಣೇ. ಕಾಫಿ ಕೊಡ್ತೀಯೋ ಇಲ್ವೋ?"

ಲೋಟ ಅವಳ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಸಿಟ್ಟಿನಿಂದ ಕುಕ್ಕಿದಳು ಎಂದುಕೊಳ್ಳಲಿ ಎಂದು ಸುಮ್ಮನಾದಳು. ನಿಜ ಬೇರೆಯೇ ಇತ್ತು. ಎರಡು ತಿಂಗಳಿನಿಂದ ಬಲಗೈ ಹೆಬ್ಬೆರಳು, ಪಕ್ಕದ ಎರಡು ಬೆರಳು ಜೋಮು ಹಿಡಿದ ಹಾಗೆ. ಹೇಳಿದರೆ ಹೊಲಿಗೆ ಬಿಡು ಎನ್ನುತ್ತಾರೆಂದು ಅವಳು ಬಾಯಿ ಬಿಟ್ಟಿರಲಿಲ್ಲ.

ಗುರುವಾರ ಅವನಿಗೆ ರಜೆ. "ಈಗ ಬಂದೆ" ಎಂದು ಹೊರಟವನ ಹಿಂದೆಯೇ, ನಾಲ್ಕು ಮನೆ ಅಂತರ ಬಿಟ್ಟು ಅವಳೂ ನಡೆದಳು. ಅವನು ಹೊಕ್ಕಿದ್ದು ನರ್ಸ್ ಇದ್ದ ಬಾಡಿಗೆ ಮನೆ. ಕಿಟಕಿಯಿಂದ ಆ ಗುಳಿಕೆನ್ನೆಯ ನಗು ಕೇಳಿಸಿತು. ಎರಡು ಗಂಟೆ ಕಾಲ ಕಾದರೂ ಅವನು ಹೊರಬರಲಿಲ್ಲ.

ಮನೆಗೆ ಬಂದು ಅತ್ತೆಯ ಮುಂದೆ ಅತ್ತೇಬಿಟ್ಟಳು.

"ಕೇಳೋದಿದ್ರೆ ಅವನನ್ನೇ ಕೇಳು ಮಗಳೇ. ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ."

"ಹೆತ್ತವರಿಗೆ ಹೆಗ್ಗಣ ಮುದ್ದು ಬಿಡಿ ಅತ್ತೆ!"

ಕೇಳಲು ಅವಳಿಗೆ ಧೈರ್ಯವಿರಲಿಲ್ಲ. ಹೌದು ಎಂದುಬಿಟ್ಟರೆ?

ಭಾನುವಾರ ಚರ್ಚಿನಲ್ಲಿ ಪ್ರಭು ಭೋಜನ. ರೊಟ್ಟಿ, ದ್ರಾಕ್ಷಾರಸ ಹಂಚುವ ಮೊದಲು ಪಾದ್ರಿಗಳು ಎಂದಿನಂತೆ ಹೇಳಿದರು. "ಯಾರ ಮೇಲಾದರೂ ಮನಸ್ಸಿನಲ್ಲಿ ಕಹಿ ಇದ್ದರೆ, ಮೊದಲು ಸಮಾಧಾನ ಮಾಡಿಕೊಂಡು ಬನ್ನಿ."

ಗಾಯನ ಮಂಡಳಿಯಲ್ಲಿ ನರ್ಸ್ ಹಾಡುತ್ತಿದ್ದಳು. ಟೈಲರಮ್ಮ ಅವಳ ಮುಖದಿಂದ ಕಣ್ಣು ಕೀಳಲಿಲ್ಲ. ಈ ಮನಸ್ಸು ಹೊತ್ತು ಹೇಗೆ ಹೋಗಿ ಕೈ ಚಾಚಲಿ?

ಅವರ ಸಾಲು ಎದ್ದಿತು. ಅವಳು ಏಳಲಿಲ್ಲ.

ಎರಡು ಹೆಜ್ಜೆ ಹೋದ ಡ್ರೈವರ್ ತಿರುಗಿ ನೋಡಿದ. ವಾಪಸ್ ಬಂದು ಅವಳ ಪಕ್ಕ ಕುಳಿತ.

"ನೀವು ಹೋಗಿ" ಎಂದಳು ಪಿಸುಗುಟ್ಟುತ್ತಾ.

"ನೀನಿಲ್ದೆ ನಾನು ಯಾವತ್ತು ಹೋಗಿದ್ದೆ? ಏನಾಯ್ತೇ?"

"ಗುರುವಾರ ನರ್ಸ್ ಮನೇಲಿ... ಎರಡು ಗಂಟೆ... ಆ ಗುಂಡಿ ಹಾಕಿದ್ದು ಅವಳೇ ಅಲ್ವಾ?"

ಅವನು ಅವಳ ಕಿವಿಗೆ ಬಾಗಿ ಹೇಳಿದ.

"ಗಂಟು ಅವಳು ಕಲಿಸಿದ್ದು. ಗುಂಡಿ ಹಾಕಿದ್ದು ನಾನು."

"ನೀವಾ?!"

"ಹೋದ ತಿಂಗಳು ನಿನ್ನ ಮೆಷಿನ್ ಕೆಳಗೆ ಗುಡಿಸ್ತಾ ಇದ್ದೆ. ಹದಿನೇಳು ಸೂಜಿ ಸಿಕ್ಕಿದ್ವು. ಒಂದು ಸೂಜಿನೂ ಬೀಳಿಸೋಳಲ್ಲ ನೀನು. ಕೈಗೇನೋ ಆಗಿದೆ ಅಂತ ನರ್ಸಮ್ಮನ್ನ ಕೇಳಿದೆ. ಬೇಗ ಡಾಕ್ಟರಿಗೆ ತೋರಿಸಿ, ಕೈಗೆ ರೆಸ್ಟ್ ಕೊಡಿಸಿ, ಇಲ್ದಿದ್ರೆ ಹಿಡಿತಾನೇ ಹೋಗಬಹುದು ಅಂದ್ಲು. ಕೈಲಿ ಇಷ್ಟು ಮದುವೆ ಗೌನ್ ಇಟ್ಕೊಂಡು ನೀನು ಒಪ್ತೀಯಾ? ಅದಕ್ಕೇ... ಗುಂಡಿ, ಹುಕ್ಕು, ಅಂಚು, ಕೈಹೊಲಿಗೆ ಎಲ್ಲಾ ನಾನೇ ಕಲಿತು ಹಾಕೋಣ ಅಂತ."

"ನನ್ನ ಹತ್ರಾನೇ ಕಲೀಬಹುದಿತ್ತಲ್ಲ!"

"ಸೂಜಿ ಕಿತ್ಕೊಂಡು ನೀನೇ ಹಾಕ್ತಿದ್ದೆ."

ಅದು ನಿಜವೇ. ಅವಳಿಗೆ ಅಳು ಬಂತು, ನಗುವೂ ಬಂತು.

"ಸುಳ್ಳು ಯಾಕೆ ಹೇಳಿದ್ರಿ?"

"ತಪ್ಪಾಯ್ತು. ನೀನು ಹೇಳಿದ್ಯಾ, ಕೈ ಸರಿಯಿಲ್ಲ ಅಂತ?"

ಕಾಯಿಲೆಯಲ್ಲೂ ಜೊತೆಗಿರುತ್ತೇವೆಂದು ಇಬ್ಬರೂ ಮಾತು ಕೊಟ್ಟಿದ್ದು ಇದೇ ಚರ್ಚಿನಲ್ಲಿ. ಅವನು ಮಾತು ತಪ್ಪಿದನೇ ಎಂದು ಅವಳು ಬೀದಿಯಲ್ಲಿ ನಿಂತು ಕಾದಿದ್ದಳು. ಆದರೆ ಕಾಯಿಲೆಯನ್ನೇ ಬಚ್ಚಿಟ್ಟು, ಅವನು ಮಾತು ಉಳಿಸಿಕೊಳ್ಳುವ ದಾರಿಗೆ ಅಡ್ಡ ನಿಂತವಳು ಅವಳೇ. ಈಗ ನಾಚಿಕೆಯಿಂದ ತಲೆ ತಗ್ಗಿತು.

"ನಿಮ್ಮ ಮೇಲೆ ಅನುಮಾನ ಪಟ್ಟೆ ರೀ... ಕ್ಷಮಿಸಿ."

"ಆ ಹುಡುಗಿ ಜೊತೆ ನಂಗೆ? ಸ್ಟೇರಿಂಗ್ ತಿರುಗಿಸೋ ಕೈಗೆ ಸೂಜಿ ಎಲ್ಲಿಂದ ಬರಬೇಕು ಅಂತ ಬೈದು, ನಕ್ಕು ನನ್ನ ನೀರಿಳಿಸಿದಾಳೆ!"

ಅವನ ಕೈ ಎಳೆದುಕೊಂಡಳು. ಬೆರಳ ತುದಿಗಳ ತುಂಬ ಸೂಜಿ ಚುಚ್ಚಿದ ಕೆಂಪು ಚುಕ್ಕೆಗಳು. ಹೆಬ್ಬೆರಳಿನಿಂದ ಸವರಿದಳು. ಜೋಮು ಹಿಡಿದ ಬೆರಳಿಗೆ ಏನೂ ತಿಳಿಯಲಿಲ್ಲ. ಅವನ ಬೆರಳುಗಳನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ತರಿತರಿಯಾಗಿ ಒಂದೊಂದೂ ತಿಳಿಯಿತು.

"ನಾಳೇನೇ ಡಾಕ್ಟರ ಹತ್ರ ಹೋಗೋಣ" ಎಂದಳು.

"ನಾಳೆ ರಜೆ ಹಾಕಿಯಾಯ್ತು. ಈಗ ಏಳು, ಪಾದ್ರಿಗಳು ನಮಗೋಸ್ಕರ ಕಾಯ್ತಿದ್ದಾರೆ."

ಸಾಲು ಮುಗಿದಿತ್ತು. ಕೊನೆಯವರಾಗಿ ಇಬ್ಬರೂ ಎದ್ದರು.

"ರೀ... ಆ ಗುಂಡಿ ಸೊಟ್ಟಗಿದೆ."

"ಬಿಚ್ಚಿ ಸರಿ ಮಾಡ್ಲಾ?"

"ಬಿಚ್ಚಿದ್ರೆ ನೋಡಿ ಮತ್ತೆ!"